ಹಳೇ ಕ್ಯಾಮೆರಾದ ವಯಸ್ಸು: ಲೆನ್ಸ್ ನಂಬರ್, ಶಟರ್, ಪೇಟೆಂಟ್ ಗುರುತು – ಯಾವುದನ್ನು ಎಷ್ಟು ನಂಬಬಹುದು?

ಹಳೇ ಮಡಚು ಕ್ಯಾಮೆರಾದ ಕಾಲ ಗುರುತಿಸಲು ಸಾಮಾನ್ಯವಾಗಿ ಮೂರು ದಾರಿ ಹಿಡಿಯುತ್ತಾರೆ: ಲೆನ್ಸಿನ ಸೀರಿಯಲ್ ನಂಬರ್, ಶಟರಿನ ರಚನೆ, ಬಾಡಿಯ ಮೇಲಿನ ಪೇಟೆಂಟ್ ಮತ್ತು ಕಂಪನಿ ಗುರುತು. ಜರ್ಮನ್ ಮತ್ತು ಅಮೆರಿಕನ್ ಕ್ಯಾಮೆರಾಗಳ ಮೇಲೆ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ವರ್ಷವನ್ನು ಹತ್ತಿರದಿಂದ ಹೇಳುವುದು ನಂಬರೇ. ಅತಿ ಹೆಚ್ಚು ದಾರಿ ತಪ್ಪಿಸುವುದೂ ಅದೇ.

ಕಾರ್ಲ್ ಝೈಸ್ ಯೇನಾ ಲೆನ್ಸ್‌ಗಳ ನಂಬರ್ ಪಟ್ಟಿ ಸುಲಭವಾಗಿ ಸಿಗುತ್ತದೆ. 7.5 ಲಕ್ಷದ ಆಸುಪಾಸು ಅಂದರೆ 1927, 13 ಲಕ್ಷ ಅಂದರೆ 1931, 25 ಲಕ್ಷದ ಹತ್ತಿರ ಬಂದರೆ 1938. ಆದರೆ ನಂಬರುಗಳನ್ನು ಕಂತುಗಳಲ್ಲಿ ಹಂಚುತ್ತಿದ್ದರು. ಹಾಗಾಗಿ ಒಂದು ವರ್ಷದ ಕೊನೆ ಇನ್ನೊಂದರ ಆರಂಭದ ಮೇಲೆ ಬೀಳುತ್ತದೆ. ತಯಾರಾದ ಲೆನ್ಸ್ ಒಂದೆರಡು ವರ್ಷ ಗೋದಾಮಿನಲ್ಲಿದ್ದು ಆಮೇಲೆ ಕ್ಯಾಮೆರಾದ ಬಾಡಿಯನ್ನು ಸೇರಿರುವುದೂ ಉಂಟು. ಪಟ್ಟಿಯಲ್ಲಿ ಸಿಕ್ಕ ವರ್ಷವನ್ನು ‘ಇದಕ್ಕಿಂತ ಮುಂಚಿನದಲ್ಲ’ ಎಂದು ಓದಿಕೊಂಡರೆ ಸಾಕು.

ದೊಡ್ಡ ಅಪಾಯ ಬದಲಿ ಲೆನ್ಸ್. ಉದಾಹರಣೆಗೆ ಫಿಲಂ ಬದಲು 9×12 ಸೆಂ.ಮೀ. ಗಾಜಿನ ಪ್ಲೇಟ್ ಬಳಸುವ ಕ್ಯಾಮೆರಾ ತೆಗೆದುಕೊಳ್ಳಿ. ಬಾಡಿಯ ಮೇಲೆ ಝೈಸ್ ಐಕಾನ್ ಎಂದಿದೆ. ಇಕಾ, ಎರ್ನೆಮನ್, ಗೋಯರ್ಟ್ಸ್, ಕಾಂಟೆಸ್ಸಾ-ನೆಟ್ಟೆಲ್ ಒಂದಾಗಿ ಆ ಕಂಪನಿ ಹುಟ್ಟಿದ್ದು 1926ರಲ್ಲಿ. ಶಟರ್ ಡಯಲ್-ಸೆಟ್ ಕಾಂಪುರ್ (ವೇಗವನ್ನು ಪ್ರತ್ಯೇಕ ಗುಂಡು ಡಯಲಿನಲ್ಲಿ ಹೊಂದಿಸುವ ಮಾದರಿ), ಲೆನ್ಸ್ ಝೈಸ್‌ನ ಟೆಸ್ಸಾರ್. ನಂಬರ್ 7.5 ಲಕ್ಷದ ಸುತ್ತ ಇದ್ದರೆ ಮೂರೂ ಒಂದೇ ಮಾತು ಹೇಳುತ್ತಿವೆ, 1927–28 ಎಂದು ಬರೆಯಬಹುದು. ಅದೇ ಬಾಡಿಯಲ್ಲಿ 19 ಲಕ್ಷದ ನಂಬರ್, ಅಂದರೆ 1931 ದಾಟಿದ ಲೆನ್ಸ್, ಕಂಡರೆ ಅನುಮಾನ ಪಡಿ. ಮೊದಲು ಲೆನ್ಸ್ ಉಂಗುರದ ಕಚ್ಚುಗಳಲ್ಲಿ ಸ್ಪ್ಯಾನರ್ ಜಾರಿದ ಗೀರುಗಳಿವೆಯೇ ನೋಡಿ. ಆಮೇಲೆ ಫೋಕಲ್ ಲೆಂಗ್ತ್: ಈ ಅಳತೆಯ ಕ್ಯಾಮೆರಾಗಳಿಗೆ ಸಾಮಾನ್ಯವಾಗಿ 13.5 ಸೆಂ.ಮೀ. ಲೆನ್ಸ್ ಇರುತ್ತದೆ, ಲೆನ್ಸ್ ಹಿಂದೆ ಮುಂದೆ ಜಾರುವ ಹಳಿಯ ಮೇಲಿನ ದೂರದ ಅಳತೆಪಟ್ಟಿಯನ್ನು ಅದಕ್ಕೇ ಕೊರೆದಿರುತ್ತಾರೆ. ಅಳತೆಪಟ್ಟಿಯನ್ನು ಇನ್ಫಿನಿಟಿಗೆ (ಅನಂತ ದೂರಕ್ಕೆ) ಇಟ್ಟು, ಹಿಂದಿನ ಗ್ರೌಂಡ್ ಗ್ಲಾಸಿನಲ್ಲಿ, ಅಂದರೆ ಚಿತ್ರ ಮೂಡುವ ಮಬ್ಬು ಗಾಜಿನಲ್ಲಿ, ದೂರದ ಟವರನ್ನೋ ಮರವನ್ನೋ ಲೂಪ್ ಎಂಬ ಭೂತಗನ್ನಡಿಯಿಂದ ನೋಡಿ. ಚಿತ್ರ ಮಸುಕಾಗಿದ್ದು, ಹಳಿಯನ್ನು ಹಿಂದೆ ಮುಂದೆ ಸರಿಸಿದಾಗ ಚುರುಕಾದರೆ ಆ ಲೆನ್ಸ್ ಈ ಬಾಡಿಯದಲ್ಲ ಎಂಬ ಅನುಮಾನ ಬಲವಾಗುತ್ತದೆ. ಐದು ನಿಮಿಷದ ಕೆಲಸ, ಯಾವ ನಂಬರ್ ಪಟ್ಟಿಯೂ ಬೇಕಿಲ್ಲ.

ನಂಬರ್ ಓದಲು ಬ್ರಾಸೋ (ಲೋಹದ ಪಾಲಿಶ್) ಹಚ್ಚಿ ಉಜ್ಜಲೇಬೇಡಿ, ಅಕ್ಷರದೊಳಗಿನ ಬಣ್ಣ ಎದ್ದುಹೋಗುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದರೆ ಸವೆದ ಅಂಕಿಯೂ ಕಾಣುತ್ತದೆ.

ಶಟರ್ ಅಷ್ಟು ಹತ್ತಿರದ ವರ್ಷ ಕೊಡುವುದಿಲ್ಲ, ಆದರೆ ಸುಳ್ಳು ಹೇಳುವುದು ಕಡಿಮೆ. ಮ್ಯೂನಿಕ್‌ನ ಡೆಕೆಲ್ ಕಂಪನಿಯ ಕಾಂಪುರ್ ಬಂದದ್ದು 1912ರಲ್ಲಿ. ಲೆನ್ಸಿನ ಮೇಲ್ಗಡೆ ಪ್ರತ್ಯೇಕ ಗುಂಡು ಡಯಲ್ ಇದ್ದರೆ ಹಳೆಯ ಮಾದರಿ. ವೇಗದ ಉಂಗುರ ಲೆನ್ಸಿನ ಸುತ್ತ ತಿರುಗಿದರೆ 1920ರ ದಶಕದ ಕೊನೆಯ ನಂತರದ್ದು. ಸೆಕೆಂಡಿನ 1/500 ವೇಗ ಇರುವ ಕಾಂಪುರ್-ರ್‍ಯಾಪಿಡ್ 1930ರ ದಶಕದ ನಡುವಿನದು. ದೊಡ್ಡ ಗಾತ್ರಗಳಲ್ಲಿ ಮಾತ್ರ ಡಯಲ್ ಮಾದರಿ ಮುಂದೆಯೂ ಉಳಿಯಿತು, ಅಲ್ಲಿ ಈ ಲೆಕ್ಕ ಬಿಡಿ. ಫ್ಲ್ಯಾಶ್ ಸಾಕೆಟ್ ಕಂಡ ತಕ್ಷಣ ಯುದ್ಧಾನಂತರದ್ದು ಎನ್ನಬೇಡಿ, ಹಳೇ ಶಟರಿಗೆ ಅದನ್ನು ಆಮೇಲೆ ಕೂರಿಸಿರುವುದು ಮಾಮೂಲು.

ಪೇಟೆಂಟ್ ಗುರುತು ಮೂರರಲ್ಲಿ ಒರಟು, ಆದರೆ ಕೊಡಕ್ ಮಡಚು ಕ್ಯಾಮೆರಾಗಳಿಗೆ ಅದೇ ಮೊದಲ ಆಸರೆ. ಹಿಂಬದಿಯ ಒಳಗಿನ ಪೇಟೆಂಟ್ ಪಟ್ಟಿಯಲ್ಲಿ ತೀರಾ ಈಚಿನ ದಿನಾಂಕ ಹುಡುಕಿ, ಕ್ಯಾಮೆರಾ ಅದಕ್ಕಿಂತ ಹಳೆಯದಲ್ಲ. ಅದೇ ಪಟ್ಟಿಯನ್ನು ವರ್ಷಗಟ್ಟಲೆ ಮುದ್ರಿಸುತ್ತಿದ್ದರಿಂದ ಮೇಲಿನ ಮಿತಿ ಮಾತ್ರ ಸಿಗದು. ಹಿಂಬದಿಯಲ್ಲಿ ಫಿಲಂ ಮೇಲೆ ಬರೆಯಲು ಸಣ್ಣ ಬಾಗಿಲಿದ್ದರೆ ಅದು ಕೊಡಕ್‌ನ ಆಟೋಗ್ರಾಫಿಕ್ ಮಾದರಿ, 1914ರಿಂದ ಈಚೆ. ಫಿಲಂ ನಂಬರೂ ನೆರವಾಗುತ್ತದೆ: 120 ಬಂದದ್ದು 1901ರಲ್ಲಿ, 127 ಬಂದದ್ದು 1912ರಲ್ಲಿ, 620 ಬಂದದ್ದು 1932ರಲ್ಲಿ. ಅಪರ್ಚರ್ (ಬೆಳಕಿನ ಕಿಂಡಿ) ಅಂಕಿಗಳು 4, 8, 16, 32, 64 ಎಂದು ದುಪ್ಪಟ್ಟಾಗುತ್ತ ಹೋದರೆ ಅದು ಹಳೆಯ ಯು.ಎಸ್. (ಯೂನಿಫಾರ್ಮ್ ಸಿಸ್ಟಂ) ಪದ್ಧತಿ, ಅಲ್ಲಿನ 4 ಎಂದರೆ ಇಂದಿನ ಎಫ್/8. ಜರ್ಮನ್ ಬಾಡಿಗಳ ಡಿ.ಆರ್.ಪಿ. (ಜರ್ಮನ್ ಸಾಮ್ರಾಜ್ಯದ ಪೇಟೆಂಟ್) 1877ರಿಂದ, ಡಿ.ಆರ್.ಜಿ.ಎಂ. (ನೋಂದಾಯಿತ ಮಾದರಿ) 1891ರಿಂದ, ಡಿ.ಬಿ.ಪಿ. (ಜರ್ಮನ್ ಒಕ್ಕೂಟದ ಪೇಟೆಂಟ್) ಎಂದಿದ್ದರೆ ಯುದ್ಧ ಮುಗಿದ ಮೇಲಿನ ಪಶ್ಚಿಮ ಜರ್ಮನಿಯದು.

1940ರ ನಂತರದ ಕೊಡಕ್ ಲೆನ್ಸ್‌ಗಳಲ್ಲಿ ಇಷ್ಟು ಕಷ್ಟವೇ ಇಲ್ಲ. ನಂಬರಿನ ಮುಂದಿನ ಎರಡು ಅಕ್ಷರವೇ ವರ್ಷ: ಸಿ, ಎ, ಎಂ, ಇ, ಆರ್, ಓ, ಎಸ್, ಐ, ಟಿ, ವೈ ಎಂಬುವು ಕ್ರಮವಾಗಿ 1ರಿಂದ 9, ಕೊನೆಗೆ 0. ‘ಇಎಸ್’ ಅಂದರೆ 47, ‘ಆರ್‌ವೈ’ ಅಂದರೆ 50. ಇಷ್ಟು ಸೊಗಸಾದ ವ್ಯವಸ್ಥೆ ಎಲ್ಲ ಕಂಪನಿಗಳಲ್ಲೂ ಇರಬೇಕಿತ್ತು.

ಹಿತ್ತಾಳೆ ಲೆನ್ಸ್‌ಗಳಿಗೆ ಬೇರೆ ಕಣ್ಣು ಬೇಕು. ಬ್ಯಾರಲ್ಲಿನ (ಲೆನ್ಸಿನ ಕೊಳವೆಯ) ಸೀಳು, ಅಂದರೆ ವಾಟರ್‌ಹೌಸ್ ಸ್ಟಾಪ್ ಎಂಬ ತೂತಿನ ತಗಡು ತೂರಿಸುವ ಜಾಗ, 1858ರಿಂದ ಈಚಿನ ಪದ್ಧತಿ. ಆದರೆ ಅದಕ್ಕೂ ಹಳೇ ಪೆಟ್ಜ್‌ವಾಲ್ ಮಾದರಿಯ ಭಾವಚಿತ್ರದ ಲೆನ್ಸಿಗೂ ಆಮೇಲೆ ಸೀಳು ಕೊಯ್ದಿದ್ದಾರೆ, ಕೊಯ್ದ ಅಂಚು ಒರಟಾಗಿದ್ದು ಅಕ್ಷರಗಳನ್ನು ಕತ್ತರಿಸಿದ್ದರೆ ಸಂಶಯವೇ ಬೇಡ. ‘ಡಬಲ್ ಅನಾಸ್ಟಿಗ್ಮಾಟ್’ ಎಂದಷ್ಟೇ ಇರುವ ಗೋಯರ್ಟ್ಸ್ ಲೆನ್ಸ್, ‘ಡಾಗೋರ್’ ಹೆಸರು ಬಂದ 1904ಕ್ಕಿಂತ ಮೊದಲಿನದ್ದಾಗಿರುವ ಸಾಧ್ಯತೆಯೇ ಹೆಚ್ಚು.

ನಮ್ಮ ಕಡೆಯ ಸ್ಟುಡಿಯೋಗಳ ಮರದ ಕ್ಯಾಮೆರಾಗಳಲ್ಲಿ, ಅಲಪ್ಪುಳದ ವಾಗೀಶ್ವರಿಯಂಥವುಗಳಲ್ಲೂ, ಲೆನ್ಸ್ ಬೋರ್ಡ್ ಬದಲಿಸುವುದು ಕ್ಷಣದ ಕೆಲಸ. ಅಂಥಲ್ಲಿ ಲೆನ್ಸಿನ ಕಾಲ, ಬಾಡಿಯ ಕಾಲ ಎರಡನ್ನೂ ಬೇರೆ ಬೇರೆ ಬರೆದಿಡಿ. ಫ್ಲ್ಯಾಂಜ್ (ಲೆನ್ಸನ್ನು ಬೋರ್ಡಿಗೆ ಹಿಡಿದಿಡುವ ಉಂಗುರ) ಬಿಚ್ಚಿ ಬೋರ್ಡಿನ ಮೇಲೆ ಬೇರೆ ಅಳತೆಯ ಹಳೇ ಸ್ಕ್ರೂ ತೂತುಗಳಿವೆಯೇ ನೋಡಿ. ಇದ್ದರೆ ಈಗಿನ ಲೆನ್ಸಿಗಿಂತ ಮೊದಲು ಅಲ್ಲಿ ಇನ್ನೊಂದು ಕೂತಿತ್ತು.