ನೆಲದ ಮೇಲಿನ ಕಟ್ಟು: ಬಳ್ಳಾರಿಯ ಒಂದು ಹಳೆ ಕಾಮಿಕ್ಸ್ ಅಂಗಡಿ

ಬಳ್ಳಾರಿಯ ರಾಯಲ್ ವೃತ್ತದಿಂದ ನಡೆದೇ ಹೋಗಬಹುದಾದ ಈ ಹಳೆ ಪುಸ್ತಕದಂಗಡಿ ಬದುಕಿರುವುದು ಪಠ್ಯಪುಸ್ತಕ ಮತ್ತು ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ವ್ಯಾಪಾರದಿಂದಲೇ ಆದರೂ, ಒಳಕೋಣೆಯಲ್ಲಿರುವ ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್ ಮತ್ತು ಇಂದ್ರಜಾಲ ಕಾಮಿಕ್ಸ್‌ಗಳ ಹಳೆಯ ಸಂಚಿಕೆಗಳಿಗಾಗಿ ಅಲ್ಲಿಗೆ ಹೋಗಬೇಕು. ಜೋಡಿಸಿರುವ ಕ್ರಮ ಮಾತ್ರ ವಿಚಿತ್ರವಾಗಿದೆ. ನಾಯಕನ ಹೆಸರು ಹೊತ್ತ ಸಂಚಿಕೆಗಳು ಪ್ಲಾಸ್ಟಿಕ್ ಕವರಿನೊಳಗೆ ಕಪಾಟಿನಲ್ಲಿದ್ದರೆ, ಅವನ ಬಂಟರ ಕಥೆಗಳು ಸುತಳಿ ಬಿಗಿಸಿಕೊಂಡು ನೆಲದ ಮೇಲೆ ಅರ್ಧ ಬೆಲೆಗೆ ಬಿದ್ದಿವೆ. ಕಾರಣ ಕೇಳಿದರೆ ಮಾಲೀಕರು, "ಅವಕ್ಕ ಗಿರಾಕಿ ಇಲ್ರೀ ಸರ್" ಎನ್ನುತ್ತಾರೆ.

ಆ ಕಟ್ಟು ಬಿಚ್ಚಿ ಓದಿದವರಿಗೆ, ಈ ಬಂಟರನ್ನು ಸಮಾಜ ಹೊರಗಿಟ್ಟವರೆಂದು ಎಣಿಸಬಹುದೇ ಎಂಬ ಪ್ರಶ್ನೆ ಏಳುತ್ತದೆ. ಹೆಚ್ಚಿನವರ ವಿಷಯದಲ್ಲಿ ಹಾಗೆನ್ನಲಾಗದು. 1940ರಲ್ಲಿ ಬಂದ, ಬ್ಯಾಟ್‌ಮನ್‌ನ ಬಂಟ ರಾಬಿನ್, ಕೊಲೆಗಡುಕರ ಸಂಚಿಗೆ ಸಿಕ್ಕಿ ಎತ್ತರದಿಂದ ಬಿದ್ದು ಸತ್ತ ಸರ್ಕಸ್ ದಂಪತಿಯ ಮಗ. ಆದರೆ ತಬ್ಬಲಿತನ ಬೇರೆ, ಬಹಿಷ್ಕಾರ ಬೇರೆ; ಬ್ಯಾಟ್‌ಮನ್ ವೇಷದ ಹಿಂದಿನ ಸಿರಿವಂತ ಬ್ರೂಸ್ ವೇಯ್ನ್‌ನ ಬಂಗಲೆಯಲ್ಲಿ ಬೆಳೆದ ಹುಡುಗನನ್ನು ಕಂಡು ಆ ಊರಿನಲ್ಲಿ ಯಾರೂ ಬಾಗಿಲು ಹಾಕಿಕೊಳ್ಳಲಿಲ್ಲ. ಮಿಂಚಿನ ವೇಗದ ನಾಯಕ ಫ್ಲ್ಯಾಶ್‌ನ ಬಂಟನಾದ 1959ರ ಕಿಡ್ ಫ್ಲ್ಯಾಶ್‌ಗಂತೂ ತಂದೆತಾಯಿಯರಿಬ್ಬರೂ ಇದ್ದರು. ಅವನು ಮೆಚ್ಚಿದ ನಾಯಕನ ಬೆನ್ನು ಹತ್ತಿದ ಅಪ್ಪಟ ಅಭಿಮಾನಿ, ಸಿನಿಮಾ ಬಿಡುಗಡೆಯ ದಿನ ನಮ್ಮ ಟಾಕೀಸುಗಳ ಮುಂದೆ ಕಾಣುವ ಹುಡುಗರ ಪೈಕಿಯವನು.

ಕಥೆಯೊಳಗಿನ ಸಮಾಜವೇ ಹೊರಹಾಕಿದವನೆಂದು ನಾನು ಒಪ್ಪುವುದು 1960ರಲ್ಲಿ ಬಂದ, ಕಡಲಿನ ನಾಯಕ ಅಕ್ವಾಮನ್‌ನ ಬಂಟ ಅಕ್ವಾಲ್ಯಾಡ್‌ನನ್ನು. ಕಣ್ಣು ನೇರಳೆ ಬಣ್ಣದ್ದೆಂಬ ಕಾರಣಕ್ಕೆ ಕಡಲಡಿಯ ರಾಜ್ಯವಾದ ಅಟ್ಲಾಂಟಿಸ್‌ನವರು ಆ ಕೂಸನ್ನು ಬಿಟ್ಟುಬಿಟ್ಟರು. ತಪ್ಪೇನೂ ಮಾಡದೆ ಹುಟ್ಟಿನ ಗುರುತಿನಿಂದಲೇ ದೂರವಾಗುವುದನ್ನು ನಮ್ಮ ಓದುಗರು ಬಲ್ಲರು. ಜಾದೂಗಾರ ಮಾಂಡ್ರೇಕ್‌ನ ಬಂಟ ಲೋಥಾರ್‌ನ ಪಾಡು ಇದಕ್ಕೆ ತಿರುಗುಮುರುಗು. 1934ರಲ್ಲಿ ಆರಂಭವಾದ ಮಾಂಡ್ರೇಕ್‌ನ ಕಥೆಗಳಲ್ಲಿ ಅವನು ಸಿಂಹಾಸನ ಬಿಟ್ಟು ಬಂದ ಆಫ್ರಿಕಾದ ರಾಜಕುಮಾರ, ಆದರೂ ಮೊದಲ ದಶಕಗಳಲ್ಲಿ ಅವನಿಗೆ ಚಿರತೆಯ ಚರ್ಮ ತೊಡಿಸಿ, ಹರಕುಮುರುಕು ಇಂಗ್ಲಿಷ್ ಆಡಿಸಿ, ಆಳಿನಂತೆ ನಿಲ್ಲಿಸಿದ್ದರು. ಅವನನ್ನು ಕೀಳಾಗಿಸಿದ್ದು ಲೇಖನಿ ಮತ್ತು ಕುಂಚ. 1988ರಲ್ಲಿ ಆ ಕೆಲಸವನ್ನು ಓದುಗರೇ ವಹಿಸಿಕೊಂಡರು: ರಾಬಿನ್ ಎಂಬ ಹೆಸರು ಹೊತ್ತ ಎರಡನೆಯ ಹುಡುಗ ಜೇಸನ್ ಟಾಡ್ ಬದುಕಬೇಕೋ ಸಾಯಬೇಕೋ ಎಂದು ಪ್ರಕಾಶಕರು ದೂರವಾಣಿಯಲ್ಲಿ ಮತ ಕೇಳಿದಾಗ 5,343 ಮತಗಳು ಸಾವಿನ ಕಡೆಗೂ 5,271 ಮತಗಳು ಬದುಕಿನ ಕಡೆಗೂ ಬಿದ್ದವು. ಬಂಟನಿಗೆ ಬಹಿಷ್ಕಾರವೆಂಬುದು ಇದ್ದರೆ ಅದು ಬಹುಮಟ್ಟಿಗೆ ಪುಟದ ಹೊರಗಿನವರು ಹಾಕಿದ್ದು, ಮತ್ತು ಈ ಅಂಗಡಿಯ ಕಪಾಟೂ ಅದರಲ್ಲಿ ಪಾಲು ಪಡೆದಿದೆ.

ಕೊಳ್ಳುವವರು ಕಟ್ಟಿನ ತಳದ ಸಂಚಿಕೆಗಳನ್ನು ನೋಡಿ ಆರಿಸಬೇಕು, ಏಕೆಂದರೆ ನೆಲ ಒರೆಸುವಾಗ ನೀರು ತಾಗಿ ಅವುಗಳ ಅಂಚು ಉಬ್ಬಿದೆ, ಪಿನ್ನುಗಳು ತುಕ್ಕು ಹಿಡಿದು ನಡುವಿನ ಹಾಳೆಗಳು ಕಳಚಿಕೊಂಡಿವೆ. ಒಳಕೋಣೆಗೆ ಫ್ಯಾನ್ ಇಲ್ಲದಿರುವುದರಿಂದ ಬೇಸಿಗೆಯಲ್ಲಿ ಬೆಳಗಿನ ಹೊತ್ತೇ ವಾಸಿ. ಮಾಲೀಕರು ಅವಸರಪಡಿಸುವುದಿಲ್ಲ, ಹಾಳೆ ಕಡಿಮೆ ಬಂದರೆ ಮರುಮಾತಿಲ್ಲದೆ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಕಪಾಟಿನವುಗಳ ಬೆಲೆಯಲ್ಲಿ ಅವರು ಚೌಕಾಸಿಗೆ ಒಪ್ಪುವುದಿಲ್ಲ, ಆದರೆ ನೆಲದ ಕಟ್ಟನ್ನು ಇಡಿಯಾಗಿ ಕೊಂಡರೆ ಬೆಲೆಯನ್ನು ಇನ್ನಷ್ಟು ಇಳಿಸುತ್ತಾರೆ.