ವಿಜಯಪುರದ ಗಡಸು ನೀರಿಗೆ ಯಾವ ಶವರ್? ಗೋಡೆಯ ಹೊರಗೆ ಕೂರಿಸುವ ಮೂರು ಮಿಕ್ಸರ್‌ಗಳ ಹೋಲಿಕೆ

ವಿಜಯಪುರದಲ್ಲಿ ಮನೆ ಕಟ್ಟಿಸುವವರು ಬಚ್ಚಲಮನೆಯ ಫಿಟಿಂಗ್ ಆರಿಸುವಾಗ ಅದರ ಹೊಳಪು ನೋಡುವುದಕ್ಕಿಂತ ಮೊದಲು ತಮ್ಮ ನೀರನ್ನು ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕಪ್ಪುಕಲ್ಲಿನ ಈ ನೆಲದ ಬೋರ್ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಎಂಬ ಮಿತಿಯನ್ನೂ, ಬೇರೆ ಮೂಲವೇ ಇಲ್ಲದಿದ್ದಾಗ 600 ಮಿಲಿಗ್ರಾಂವರೆಗಿನ ಸಡಿಲಿಕೆಯನ್ನೂ ಕೊಡುತ್ತದೆ. ನಮ್ಮ ಬೋರಿನ ನೀರು ಎರಡನೆಯ ಅಂಕಿಗೇ ಹತ್ತಿರವಿದೆ. ಇಂಥ ನೀರು ಬಿಸಿಯಾದಾಗ ಅದರಲ್ಲಿ ಕರಗಿದ್ದ ಸುಣ್ಣದ ಅಂಶ ಬೇರ್ಪಟ್ಟು, ಬಿಸಿನೀರು ಹಾದುಹೋಗುವ ಪ್ರತಿಯೊಂದು ಸಣ್ಣ ರಂಧ್ರದಲ್ಲಿಯೂ ಪದರಗಟ್ಟುತ್ತದೆ.

ನೀರನ್ನು ನಳಕ್ಕೋ ಶವರಿಗೋ ತಿರುಗಿಸುವ, ಗೋಡೆಯೊಳಗೆ ಹುದುಗಿಸುವ ಕನ್ಸೀಲ್ಡ್ ಡೈವರ್ಟರ್ ಅನ್ನು ಈ ಹೋಲಿಕೆಗೆ ನಾನು ತೆಗೆದುಕೊಂಡಿಲ್ಲ. ಒಳಗಿನ ಜೋಡಣೆಯಲ್ಲಿ ನೀರು ಜಿನುಗಲು ಆರಂಭಿಸಿದರೆ ಟೈಲ್ಸ್ ಒಡೆಯದೆ ದಾರಿಯಿಲ್ಲ, ಒಡೆದ ಮೇಲೆ ಅದೇ ಬಣ್ಣದ ಟೈಲ್ಸ್ ಸಿಗುವ ಭರವಸೆಯೂ ಇಲ್ಲ. ನಮ್ಮ ಪ್ಲಂಬರ್ ಇದನ್ನು ಒಂದೇ ಮಾತಿನಲ್ಲಿ ಹೇಳಿದರು: "ಗ್ವಾಡಿ ಒಡೀಲಾರದ ರಿಪೇರಿ ಆಗಬೇಕಂದ್ರ ಹೊರಗಿಂದ ಹಾಕಸ್ರಿ ಸರ್."

ಬಿಸಿ ಮತ್ತು ತಣ್ಣೀರನ್ನು ಬೆರೆಸಿ ಕೊಡುವ, ಗೋಡೆಯ ಹೊರಗೆ ಕೂರಿಸುವ ಮಿಕ್ಸರ್‌ಗಳಲ್ಲಿ ಇನ್ನೊಂದು ದೊಡ್ಡ ಅನುಕೂಲವಿದೆ. ಸಾಮಾನ್ಯವಾಗಿ ಬಿಸಿ ಮತ್ತು ತಣ್ಣೀರಿನ ಎರಡು ಅರ್ಧ ಇಂಚಿನ ಬಾಯಿಗಳ ನಡುವಿನ ಅಂತರ 150 ಮಿಲಿಮೀಟರ್ ಇರುವುದರಿಂದ, ಒಂದನ್ನು ಬಿಚ್ಚಿ ಅದೇ ಜಾಗದಲ್ಲಿ ಇನ್ನೊಂದನ್ನು ಕೂರಿಸಬಹುದು. ನಾನು ಮೂರು ಬಗೆಗಳನ್ನು ಹೀಗೆಯೇ ಒಂದೇ ಬಚ್ಚಲಮನೆಯಲ್ಲಿ ಬದಲಾಯಿಸಿ, ಒಂದೇ ನೀರು ಮತ್ತು ಒಂದೇ ಸೋಲಾರ್ ಹೀಟರ್ ಇಟ್ಟುಕೊಂಡು ಬಳಸಿ ನೋಡಿದ್ದೇನೆ. ಎರಡು ಪ್ರತ್ಯೇಕ ತಿರುಪುಗಳಿರುವ ಹಿತ್ತಾಳೆಯ ತ್ರೀ-ಇನ್-ಒನ್ ವಾಲ್ ಮಿಕ್ಸರ್, ಒಂದೇ ಹಿಡಿಕೆಯ ಸಿಂಗಲ್ ಲಿವರ್ ಮಿಕ್ಸರ್ ಮತ್ತು ಉಷ್ಣತೆಯನ್ನು ತಾನೇ ಕಾಯ್ದುಕೊಳ್ಳುವ ಥರ್ಮೋಸ್ಟಾಟಿಕ್ ಮಿಕ್ಸರ್ ಇವೇ ಆ ಮೂರು.

ಮೊದಲಿಗೆ ಒತ್ತಡದ ವಿಷಯ, ಏಕೆಂದರೆ ಆಯ್ಕೆಯ ಅರ್ಧಭಾಗ ಇಲ್ಲಿಯೇ ತೀರ್ಮಾನವಾಗುತ್ತದೆ. ಬೇಗಂ ತಲಾಬ್‌ನಿಂದ ಮಣ್ಣಿನ ಕೊಳವೆಗಳಲ್ಲಿ ಈ ಊರಿಗೆ ನೀರು ತಂದ ಆದಿಲ್‌ಶಾಹಿ ಕಾಲದವರು, ಒತ್ತಡ ಮಿತಿಮೀರಿ ಕೊಳವೆ ಒಡೆಯದಿರಲೆಂದು ದಾರಿಯಲ್ಲಿ ಗಂಜ್ ಎಂಬ ಗೋಪುರಗಳನ್ನು ಕಟ್ಟಿದ್ದರು. ಇಂದಿನ ಮನೆಗಳ ತೊಂದರೆ ಅದಕ್ಕೆ ತದ್ವಿರುದ್ಧವಾಗಿದ್ದು, ಒತ್ತಡ ಸಾಲದೆಂಬುದೇ ಇಲ್ಲಿಯ ಸಮಸ್ಯೆ. ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್ ಒತ್ತಡ ಕೊಡುತ್ತದೆ. ಮಾಳಿಗೆಯ ಮೇಲೆ ನಾಲ್ಕು ಅಡಿ ಕಟ್ಟೆ ಕಟ್ಟಿ ಟಾಕಿ ಇಟ್ಟರೂ, ಅದರ ಕೆಳಗಿನ ಅಂತಸ್ತಿನ ಶವರ್‌ಗೂ ಟಾಕಿಯ ನೀರಿನ ಮಟ್ಟಕ್ಕೂ ಇರುವ ಅಂತರ ಎರಡು, ಎರಡೂವರೆ ಮೀಟರ್ ಮಾತ್ರ. ಅಂದರೆ ಕಾಲು ಬಾರ್‌ನಷ್ಟು. ಪ್ರೆಶರ್ ಪಂಪ್ ಇಲ್ಲದ ಮನೆಯಲ್ಲಿ ಎಂಟಿಂಚಿನ ಅಗಲ ತಲೆಯ ರೇನ್ ಶವರ್ ಹಾಕಿದರೆ ನೀರು ಸುರಿಯುವುದಿಲ್ಲ, ತೊಟ್ಟಿಕ್ಕುತ್ತದೆ. ಅದೇ ಜಾಗದಲ್ಲಿ ನಾಲ್ಕಿಂಚಿನ ತಲೆ ಹಾಕಿದಾಗ ಧಾರೆ ಮೈಗೆ ತಾಕುವಷ್ಟು ಬಿರುಸಾಯಿತು.

ಥರ್ಮೋಸ್ಟಾಟಿಕ್ ಮಿಕ್ಸರ್ ಬಗ್ಗೆ ನನಗೆ ನಿಜವಾದ ಗೌರವವಿದೆ. ಅದರೊಳಗಿನ ಮೇಣದ ಭಾಗವು ಬಿಸಿಗೆ ಹಿಗ್ಗಿ, ತಂಪಿಗೆ ಕುಗ್ಗಿ, ಬಿಸಿ ಮತ್ತು ತಣ್ಣೀರಿನ ಪ್ರಮಾಣವನ್ನು ತಾನಾಗಿಯೇ ಸರಿಹೊಂದಿಸುತ್ತದೆ; ಸಾಮಾನ್ಯವಾಗಿ 38 ಡಿಗ್ರಿಗೆ ಒಂದು ತಡೆಗುಂಡಿಯಿದ್ದು, ಅದನ್ನು ಒತ್ತದ ಹೊರತು ತಿರುಪು ಮುಂದೆ ಹೋಗುವುದಿಲ್ಲ. ಬಿಸಿಲ ನಾಡಿನ ಸೋಲಾರ್ ನೀರು ಸಂಜೆಯ ಹೊತ್ತಿಗೆ 60 ಡಿಗ್ರಿ ದಾಟುವುದುಂಟು, ಆದ್ದರಿಂದ ಮಕ್ಕಳೂ ವಯಸ್ಸಾದವರೂ ಇರುವ ಮನೆಯಲ್ಲಿ ಈ ರಕ್ಷಣೆ ಸಣ್ಣದಲ್ಲ. ಆದರೆ ಈ ಮಿಕ್ಸರ್ ಕೇಳುವ ಒತ್ತಡ ನಮ್ಮ ಮೇಲಂತಸ್ತಿನಲ್ಲಿ ಇರಲಿಲ್ಲ. ಒಳಬರುವ ದಾರಿಯ ಸಣ್ಣ ಜಾಲರಿ ಮತ್ತು ಹಿಮ್ಮುಖ ತಡೆ ವಾಲ್ವ್‌ಗಳು ಇರುವ ಒತ್ತಡವನ್ನೂ ತಿಂದುಹಾಕುತ್ತವೆ. ಪ್ರೆಶರ್ ಪಂಪ್ ಜೋಡಿಸಿದ ಮೇಲೆ ಅದು ಚೆನ್ನಾಗಿ ಕೆಲಸ ಮಾಡಿತು, ಆದರೆ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಉಷ್ಣತೆಯ ತಿರುಪು ಬಿಗಿಯಾಯಿತು. ಬಿಚ್ಚಿ ನೋಡಿದರೆ ಬಿಸಿನೀರಿನ ಬದಿಯ ಜಾಲರಿಯ ಮೇಲೆ ಬಿಳಿಯ ಪದರ ಕಟ್ಟಿ ಅರ್ಧದಷ್ಟು ಕಣ್ಣುಗಳು ಮುಚ್ಚಿಹೋಗಿದ್ದವು, ಉಗುರಿನಿಂದ ಕೆರೆದರೆ ಮರಳಿನಂತೆ ಉದುರುತ್ತಿತ್ತು. ಬಿಡಿಭಾಗವನ್ನು ಊರಿನಲ್ಲಿ ಯಾರೂ ಇಟ್ಟಿರಲಿಲ್ಲ, ತರಿಸಿಕೊಳ್ಳಬೇಕಾಯಿತು.

ಬೆಳಗಾವಿಯ ಟಿಳಕವಾಡಿಯಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಇದೇ ಬಗೆಯ ಮಿಕ್ಸರ್ ಯಾವ ತಕರಾರೂ ಇಲ್ಲದೆ ನಡೆಯುತ್ತಿದೆ. ಅಲ್ಲಿ ಬರುವುದು ರಾಕಸಕೊಪ್ಪ ಜಲಾಶಯದ ಮೆದು ನೀರು. ಹೀಗಾಗಿ ಮಿಕ್ಸರನ್ನು ನಾನು ದೂರುವುದಿಲ್ಲ. ನದಿ ನೀರು ಬರುವ, ಪಂಪ್ ಇರುವ ಮನೆಯವರು ಧೈರ್ಯವಾಗಿ ಅದನ್ನೇ ಹಾಕಿಸಬಹುದು. ಹಾಕಿಸುವಾಗ ಎಡಕ್ಕೆ ಬಿಸಿ, ಬಲಕ್ಕೆ ತಣ್ಣೀರು ಎಂಬ ಕ್ರಮ ತಪ್ಪಬಾರದು, ಏಕೆಂದರೆ ಅದಲು ಬದಲಾದರೆ ಉಷ್ಣತೆಯ ನಿಯಂತ್ರಣವೇ ಕೆಡುತ್ತದೆ.

ಸಿಂಗಲ್ ಲಿವರ್ ಮಿಕ್ಸರ್ ಬಳಸಲು ಸುಲಭ, ನೋಡಲು ಚೆಂದ. ಸೋಪಿನ ಕೈಯಲ್ಲಿಯೂ ಮೊಣಕೈಯಿಂದ ತಳ್ಳಿ ನಿಲ್ಲಿಸಬಹುದು. ಅದರ ಜೀವಾಳವಾದ ಸೆರಾಮಿಕ್ ಕಾರ್ಟ್ರಿಜ್‌ನಲ್ಲಿ ಎರಡು ನುಣುಪಾದ ಬಿಲ್ಲೆಗಳು ಒಂದರ ಮೇಲೊಂದು ಸರಿಯುತ್ತವೆ, ಟಾಕಿಯಿಂದ ಬಂದ ಮರಳಿನ ಕಣವೊಂದು ಅವುಗಳ ನಡುವೆ ಸಿಕ್ಕಿದರೆ ಗೀರು ಬಿದ್ದು ನೀರು ಜಿನುಗುತ್ತದೆ. ಆಗ ಇಡೀ ಕಾರ್ಟ್ರಿಜ್ ಬದಲಿಸಬೇಕು, ಅದೂ 35 ಮಿಲಿಮೀಟರಿನದೋ 40ರದೋ ಎಂದು ಅಳೆದು ತರಬೇಕು. ಕಡಿಮೆ ಒತ್ತಡದಲ್ಲಿ ಇದರ ಧಾರೆ ವಾಲ್ ಮಿಕ್ಸರ್‌ಗಿಂತ ಸಣ್ಣದೆಂಬುದು ಬಕೆಟ್ ತುಂಬಿಸಿ ನೋಡಿದಾಗ ಸ್ಪಷ್ಟವಾಯಿತು.

ಉಳಿದದ್ದು ತ್ರೀ-ಇನ್-ಒನ್ ವಾಲ್ ಮಿಕ್ಸರ್, ನಾನು ಒಪ್ಪಿದ್ದೂ ಅದನ್ನೇ. ಕೆಳಗೆ ಬಕೆಟ್‌ಗೆ ಮೂತಿ, ಮಧ್ಯೆ ಹ್ಯಾಂಡ್ ಶವರ್, ಮೇಲೆ ಕೊಳವೆ ಏರಿಸಿ ತಲೆಶವರ್ ಹೀಗೆ ಮೂರು ಹಾದಿಗಳು ಅದರಲ್ಲಿವೆ. ಬಕೆಟ್ ಮತ್ತು ತಂಬಿಗೆಯ ಸ್ನಾನವೇ ರೂಢಿಯಾಗಿರುವ ಮನೆಯ ಹಿರಿಯರಿಗೆ ಆ ಮೂತಿ ಬೇಕೇ ಬೇಕು, ಥರ್ಮೋಸ್ಟಾಟಿಕ್‌ನ ಬಹಳಷ್ಟು ಮಾದರಿಗಳಲ್ಲಿ ಅದಿಲ್ಲ. ಒಳಗಿನ ದಾರಿ ಅಗಲವಾಗಿರುವುದರಿಂದ ಟಾಕಿಯ ಒತ್ತಡವೇ ಸಾಕಾಗುತ್ತದೆ. ಹದ ಹಿಡಿಯಲು ಎರಡು ತಿರುಪುಗಳನ್ನೂ ಆಡಿಸಬೇಕಾದ್ದು ಇದರ ಕೊರತೆ, ಪಕ್ಕದ ನಳ ಬಿಟ್ಟಾಗ ಬಿಸಿ ಏರುಪೇರಾಗುವುದು ಇನ್ನೊಂದು ಕೊರತೆ. ಹ್ಯಾಂಡ್ ಶವರಿಗೆ ತುದಿಯಲ್ಲಿ ನಿಲ್ಲಿಸುವ ಗುಂಡಿ ಇದ್ದರೆ, ಎರಡೂ ತಿರುಪು ತೆರೆದೇ ಇದ್ದಾಗ ಒತ್ತಡ ಹೆಚ್ಚಿರುವ ಕಡೆಯ ನೀರು ಇನ್ನೊಂದು ಕಡೆಗೆ ನುಗ್ಗುತ್ತದೆ, ಆದ್ದರಿಂದ ನೀರನ್ನು ಯಾವಾಗಲೂ ತಿರುಪಿನಲ್ಲಿಯೇ ನಿಲ್ಲಿಸಬೇಕು. ಕೆಟ್ಟರೆ ವಾಶರ್ ಅಥವಾ ತಿರುಪಿನೊಳಗೆ ತಿರುಗುವ ಸ್ಪಿಂಡಲ್ ಗಾಂಧಿ ಚೌಕದ ಸುತ್ತಲಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ.

ಲೋಹದ ಬಗ್ಗೆ ಒಂದು ಮಾತು. ಮಿಕ್ಸರ್‌ನ ದೇಹ ತೂಕದ ಹಿತ್ತಾಳೆಯದಾಗಿರಲಿ, ಮೇಲೇರುವ ಕೊಳವೆ 304 ದರ್ಜೆಯ ಸ್ಟೀಲ್ ಆದರೆ ಚೆನ್ನ. ಟೈಲ್ಸ್ ತೊಳೆಯುವ ಆಸಿಡ್ ಎರಡಕ್ಕೂ ಶತ್ರು. ಅದು ಕ್ರೋಮ್ ಲೇಪವನ್ನು ಕಿತ್ತುಹಾಕುತ್ತದೆ, ಸ್ಟೀಲಿನ ಮೇಲೆ ಸಣ್ಣ ಕುಳಿ ಬೀಳಿಸುತ್ತದೆ. ಕಲೆಗೆ ವಿನೆಗರ್ ಅದ್ದಿದ ಬಟ್ಟೆ ಸ್ವಲ್ಪ ಹೊತ್ತು ಸುತ್ತಿಟ್ಟು ತೊಳೆದರೆ ಸಾಕು. ಶವರಿನ ತಲೆಯಲ್ಲಿ ಸಿಲಿಕಾನ್ ತುದಿಗಳಿದ್ದರೆ ಹೆಬ್ಬೆರಳಿನಿಂದ ಉಜ್ಜಿದಾಗಲೇ ಸುಣ್ಣ ಉದುರುತ್ತದೆ.

ಈಗ ಹಿತ್ತಲ ಕಡೆ ಕಟ್ಟಿಸುತ್ತಿರುವ ಹೊಸ ಬಚ್ಚಲಮನೆಗೂ ವಾಲ್ ಮಿಕ್ಸರನ್ನೇ ತಂದಿಟ್ಟಿದ್ದೇನೆ. ಟೈಲ್ಸ್ ಹಾಕುವ ಮೊದಲು ಗೌಂಡಿ ಮತ್ತು ಪ್ಲಂಬರ್ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿಕೊಂಡು, ಎರಡು ಬಾಯಿಗಳ ನಡುವೆ 150 ಮಿಲಿಮೀಟರ್ ಅಂತರವಿದೆಯೇ, ಎರಡೂ ಒಂದೇ ಮಟ್ಟದಲ್ಲಿವೆಯೇ, ಟೈಲ್ಸಿನ ಮುಖಕ್ಕೆ ಸರಿಯಾಗಿ ನಿಲ್ಲುತ್ತವೆಯೇ ಎಂದು ಅಳತೆ ಪಟ್ಟಿ ಹಿಡಿದು ನೋಡಿಸಿದೆ. ಗೋಡೆಯ ಬಾಯಿಗೂ ಮಿಕ್ಸರಿಗೂ ನಡುವೆ ಕೂರುವ ವಕ್ರ ಲೆಗ್‌ಗಳನ್ನು ತಿರುಗಿಸಿ ಸರಿಪಡಿಸಬಹುದಾದದ್ದು ಒಂದೆರಡು ಸೆಂಟಿಮೀಟರ್ ಮಾತ್ರ, ಅದಕ್ಕಿಂತ ಹೆಚ್ಚು ವ್ಯತ್ಯಾಸವಾದರೆ ಮತ್ತೆ ಗೋಡೆಯನ್ನೇ ಕೊರೆಯಬೇಕಾಗುತ್ತದೆ.