ಫಿಕ್ಸೆಡ್ ಬಡ್ಡಿಯ ಗೃಹಸಾಲ: ಟಿಕ್ ಹಾಕುವ ಸುಖ, ಮೂರನೇ ವರ್ಷದ ಷರತ್ತು

ಫಿಕ್ಸೆಡ್ ದರದ, ಅಂದರೆ ಬಡ್ಡಿ ದರ ಬದಲಾಗದ, ಗೃಹಸಾಲದ ನಿಜವಾದ ಸುಖ ಗೊತ್ತಾಗುವುದು ಪ್ರತಿ ತಿಂಗಳ ಕಂತಿನ ದಿನ. ಹಿಂದಿನ ಸಂಜೆಯೇ ಖಾತೆಯಲ್ಲಿ ಕಂತಿನಷ್ಟು ಹಣ ಇದೆಯೇ ಎಂದು ನೋಡಿಕೊಳ್ಳಬೇಕು. ಬೆಳಿಗ್ಗೆ ಕಡಿತದ ಮೆಸೇಜ್ ಬಂದ ಮೇಲೆ ಸಾಲದ ಖಾತೆ ತೆರೆದು ಬಡ್ಡಿಗೆ ಎಷ್ಟು ಹೋಯಿತು, ಅಸಲಿಗೆ ಎಷ್ಟು ಜಮೆಯಾಯಿತು ಎಂದು ನೋಡಬೇಕು. ಆಮೇಲೆ ಸಾಲದ ಕಾಗದಗಳ ಜೊತೆ ಕೊಟ್ಟ ಮರುಪಾವತಿ ಪಟ್ಟಿಯನ್ನು ತೆಗೆದು ಆ ತಿಂಗಳ ಸಾಲಿನ ಎದುರು ಟಿಕ್ ಹಾಕಬೇಕು. ₹40 ಲಕ್ಷ, 20 ವರ್ಷ, ಶೇ 9.5 ಎಂದಿಟ್ಟುಕೊಳ್ಳಿ. ಕಂತು ₹37,285. ಮೊದಲ ತಿಂಗಳು ಬಡ್ಡಿ 31,667, ಅಸಲು 5,618. ಎರಡನೇ ತಿಂಗಳು ಅಸಲು 5,663, ಮೂರನೇ ತಿಂಗಳು 5,708. ಪಟ್ಟಿಯಲ್ಲಿರುವ ಅಂಕಿಯೇ ಖಾತೆಯಲ್ಲೂ ಇರುತ್ತದೆ. ತಿಂಗಳಿಗೆ ನಲವತ್ತೈದು ರೂಪಾಯಿಯಷ್ಟೇ ಏರಿದರೂ ಅಸಲಿನ ಅಂಕಣ ಪ್ರತಿ ಸಲ ಮೇಲಕ್ಕೇ ಹೋಗುತ್ತದೆ. ಮೊದಲ ಸಲ ಮನೆ ಕೊಂಡು ಉಳಿತಾಯವೆಲ್ಲ ಖಾಲಿಯಾದವರಿಗೆ ಇದು ಎಷ್ಟು ದೊಡ್ಡ ನೆಮ್ಮದಿ ಎಂಬುದನ್ನು ಯಾವ ಜಾಹೀರಾತೂ ಸರಿಯಾಗಿ ಹೇಳಿಲ್ಲ.

ಒಂದೇ ಎಚ್ಚರಿಕೆ: ತಿಂಗಳ ಮಧ್ಯೆ ಹಣ ಬಿಡುಗಡೆಯಾದರೆ ಅಲ್ಲಿಂದ ಮೊದಲ ಕಂತಿನ ಅವಧಿ ಶುರುವಾಗುವವರೆಗಿನ ಬಿಡಿ ದಿನಗಳ ಬಡ್ಡಿಯನ್ನು ಬೇರೆಯಾಗಿ ಹಾಕುತ್ತಾರೆ. ಆರಂಭದಲ್ಲಿ ಲೆಕ್ಕ ಹೊಂದದಿದ್ದರೆ ಮೊದಲು ಅಲ್ಲಿ ನೋಡಿ.

ಫ್ಲೋಟಿಂಗ್ ಸಾಲದಲ್ಲಿ, ಅಂದರೆ ಬಡ್ಡಿ ದರ ಏರಿಳಿಯುವ ಸಾಲದಲ್ಲಿ, ಈ ಪಟ್ಟಿಗೆ ಬೆಲೆಯಿಲ್ಲ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ ಗೃಹಸಾಲಗಳನ್ನು ರೆಪೊದಂಥ (ಬ್ಯಾಂಕುಗಳಿಗೆ ಆರ್‌ಬಿಐ ಸಾಲ ಕೊಡುವ ದರ) ಹೊರಗಿನ ದರಕ್ಕೆ ಜೋಡಿಸಿ, ಕನಿಷ್ಠ ಮೂರು ತಿಂಗಳಿಗೊಮ್ಮೆ ಮರುಹೊಂದಿಸಬೇಕು. 2022ರ ಮೇ ತಿಂಗಳಲ್ಲಿ ಶೇ 4 ಇದ್ದ ರೆಪೊ 2023ರ ಫೆಬ್ರವರಿಗೆ ಶೇ 6.5 ಮುಟ್ಟಿತು. ಅದರ ಪರಿಣಾಮವನ್ನು ಅಂಕಿಯಲ್ಲೇ ನೋಡೋಣ. ₹40 ಲಕ್ಷವನ್ನು ಶೇ 7ಕ್ಕೆ 20 ವರ್ಷಕ್ಕೆ ತೆಗೆದುಕೊಂಡವರ ಕಂತು ₹31,012. ಒಂದು ವರ್ಷ ಕಟ್ಟಿದ ಮೇಲೆ ಬಾಕಿ ಸುಮಾರು ₹39.05 ಲಕ್ಷ. ಆಗ ದರ ಶೇ 9.5 ಆದರೆ ತಿಂಗಳ ಬಡ್ಡಿಯೇ ಸುಮಾರು ₹30,913. ಕಂತು ಏರಿಸದೆ ಅವಧಿಯನ್ನಷ್ಟೇ ಎಳೆದರೆ ಅಸಲಿಗೆ ಸೇರುವುದು ನೂರು ರೂಪಾಯಿಗೂ ಕಡಿಮೆ! ಇನ್ನೊಂದು ಸ್ವಲ್ಪ ಏರಿದರೆ ಕಟ್ಟುತ್ತಿದ್ದರೂ ಸಾಲ ಬೆಳೆಯುತ್ತದೆ. ಹಾಗಾಗಬಾರದು, ಕಂತು ಏರಿಸುವುದೋ ಅವಧಿ ಹೆಚ್ಚಿಸುವುದೋ ಎಂಬುದನ್ನು ಸಾಲಗಾರರನ್ನು ಕೇಳಿಯೇ ಮಾಡಬೇಕು ಎಂದು ಆರ್‌ಬಿಐ 2023ರ ಆಗಸ್ಟ್ 18ರಂದು ಸುತ್ತೋಲೆ ಹೊರಡಿಸಿತು. ಫಿಕ್ಸೆಡ್ ದರ ನಿಜಕ್ಕೂ ಇಪ್ಪತ್ತು ವರ್ಷ ಹಾಗೇ ನಿಲ್ಲುವುದಾದರೆ ಈ ಯಾವ ಆತಂಕವೂ ಇಲ್ಲ.

ನಿಲ್ಲುತ್ತದೆಯೇ ಎಂಬುದೇ ತೊಡಕು. ಈ ಸಾಲದ ಮೇಲೆ ನನಗಿರುವ ದೊಡ್ಡ ದೂರು ಇದೊಂದೇ, ಮತ್ತು ಇದು ಚಿಕ್ಕ ದೂರಲ್ಲ.

ಮಾರುಕಟ್ಟೆಯಲ್ಲಿ ಫಿಕ್ಸೆಡ್ ಎಂದು ಸಿಗುವ ಸಾಲಗಳಲ್ಲಿ ಹಲವು ಮೊದಲ ಎರಡು, ಮೂರು ಅಥವಾ ಐದು ವರ್ಷಕ್ಕೆ ಮಾತ್ರ ಫಿಕ್ಸೆಡ್. ಆಮೇಲೆ ತಾವಾಗಿಯೇ ಫ್ಲೋಟಿಂಗ್ ಆಗುತ್ತವೆ. ಕೌಂಟರಿನಲ್ಲಿ ಮಾತಾಡುವಾಗ ದರ ಮಾತ್ರ ಕೇಳಿಸುತ್ತದೆ, ಅವಧಿ ಇರುವುದು ಅಗ್ರಿಮೆಂಟಿನ ಒಳಪುಟದಲ್ಲಿ. ಇನ್ನು ಕೆಲವು ಪೂರ್ಣಾವಧಿಯ ಸಾಲಗಳಲ್ಲೂ ಹಣಕಾಸು ಮಾರುಕಟ್ಟೆಯಲ್ಲಿ ಅಸಾಧಾರಣ ಬದಲಾವಣೆಯಾದರೆ ದರ ಪರಿಷ್ಕರಿಸುವ ಹಕ್ಕು ಸಾಲ ಕೊಟ್ಟವರಿಗಿದೆ ಎಂಬ ಷರತ್ತು ಇರುತ್ತದೆ. ಅಸಾಧಾರಣ ಎಂದರೆ ಎಷ್ಟು ಎಂದು ಬರೆದಿರುವುದಿಲ್ಲ. ಸಾಲಗಾರ ಹೆಚ್ಚು ಬಡ್ಡಿ ಕೊಟ್ಟು ಕೊಂಡದ್ದೇ ಅಂಥ ದಿನಕ್ಕಾಗಿ. ಆ ದಿನವೇ ರಕ್ಷಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದಾದರೆ ಹೆಚ್ಚುವರಿ ದುಡ್ಡು ಕೊಟ್ಟದ್ದು ಯಾತಕ್ಕೆ? ಈ ಷರತ್ತಿರುವ ಸಾಲವನ್ನು ಫಿಕ್ಸೆಡ್ ದರಕ್ಕಾಗಿ ಆರಿಸಬೇಡಿ. ಷರತ್ತು ತೆಗೆಯಿರಿ, ಇಲ್ಲವೇ ಅಸಾಧಾರಣಕ್ಕೆ ಒಂದು ಅಂಕಿ ಬರೆದುಕೊಡಿ ಎಂದು ಸಹಿಗೆ ಮುಂಚೆಯೇ ಕೇಳಿ. ಎರಡಕ್ಕೂ ಒಪ್ಪದಿದ್ದರೆ ಬೇರೆ ಕಡೆ ನೋಡಿ.

ಕಟ್ಟಡ ಇನ್ನೂ ಏಳುತ್ತಿರುವ ಫ್ಲ್ಯಾಟ್ ಕೊಳ್ಳುವವರಿಗೆ ಪೆಟ್ಟು ಇನ್ನೂ ಜೋರು. ಮೂರು ವರ್ಷದ ಫಿಕ್ಸೆಡ್ ಅವಧಿಯನ್ನು ಮೊದಲ ಕಂತಿನ ಹಣ ಬಿಲ್ಡರ್‌ಗೆ ಹೋದ ದಿನದಿಂದ ಎಣಿಸುವುದಾದರೆ, ಮನೆ ಕೈಗೆ ಬರಲು ಎರಡು ವರ್ಷ ಹಿಡಿದಾಗ ಪೂರ್ಣ ಸಾಲದ ಮೇಲೆ ನಿಮಗೆ ಸಿಗುವುದು ಒಂದೇ ವರ್ಷದ ರಕ್ಷಣೆ. ಮೊದಲ ಎರಡು ವರ್ಷ ಬಿಡುಗಡೆಯಾದಷ್ಟು ಹಣಕ್ಕೆ ಪ್ರೀ-ಇಎಂಐ ಎಂದು ಬರೀ ಬಡ್ಡಿ ಕಟ್ಟುತ್ತಿರುತ್ತೀರಿ, ಅದೂ ಹೆಚ್ಚಿನ ದರದಲ್ಲಿ. ಅವಧಿ ಯಾವ ದಿನದಿಂದ ಎಂಬುದನ್ನು ತಾರೀಕಿನ ಸಮೇತ ಬರೆಸಿಕೊಳ್ಳಿ. ಸ್ಯಾಂಕ್ಷನ್ ಲೆಟರಿನಲ್ಲಿರುವ ದರ ಹಣ ಬಿಡುಗಡೆಯ ದಿನವೂ ಅದೇ ಇರುತ್ತದೆಯೇ ಎಂದೂ ಕೇಳಿ.

ಇದನ್ನೆಲ್ಲ ಹುಡುಕಲು ಈಗ ನೂರು ಪುಟ ಓದಬೇಕಾಗಿಲ್ಲ. 2024ರ ಅಕ್ಟೋಬರ್ 1ರಿಂದ ಹೊಸ ರಿಟೇಲ್ ಸಾಲಗಳಿಗೆಲ್ಲ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್, ಅಂದರೆ ಮುಖ್ಯಾಂಶಗಳ ಪತ್ರ, ಕೊಡಲೇಬೇಕು. ಅದರಲ್ಲಿ ಬಡ್ಡಿಯ ಬಗೆ ಎಂಬ ಕಡೆ ಫಿಕ್ಸೆಡ್ ಎಂದಿದೆಯೋ ಹೈಬ್ರಿಡ್ ಎಂದಿದೆಯೋ ನೋಡಿ. ಹೈಬ್ರಿಡ್ ಎಂದಿದ್ದರೆ ಕೌಂಟರಿನಲ್ಲಿ ಏನೇ ಹೇಳಿದ್ದರೂ ನಿಮ್ಮದು ಕೆಲವೇ ವರ್ಷಗಳ ಫಿಕ್ಸೆಡ್. ಪ್ರೊಸೆಸಿಂಗ್ ಫೀ ಮತ್ತಿತರ ಖರ್ಚುಗಳನ್ನೆಲ್ಲ ಸೇರಿಸಿದ ವಾರ್ಷಿಕ ದರ, ಎಪಿಆರ್, ಅಲ್ಲೇ ಇರುತ್ತದೆ. ಎರಡು ಕಡೆಯ ಸಾಲಗಳನ್ನು ಹೋಲಿಸಲು ಅದನ್ನೇ ಬಳಸಿ. ಅವಧಿಗೆ ಮುಂಚೆ ತೀರಿಸಿದರೆ ಶುಲ್ಕ ಎಷ್ಟು, ಫಿಕ್ಸೆಡ್‌ನಿಂದ ಫ್ಲೋಟಿಂಗ್‌ಗೆ ಬದಲಾಯಿಸಲು ಎಷ್ಟು ಎಂಬುದಕ್ಕೂ ಅದರಲ್ಲಿ ಜಾಗವಿದೆ. ಪತ್ರ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂಬುದು ನಿಯಮ. ಕನ್ನಡದಲ್ಲಿ ಕೊಡಿ ಎಂದು ಧೈರ್ಯವಾಗಿ ಕೇಳಿ. ಕನಿಷ್ಠ ಮೂರು ಕೆಲಸದ ದಿನ ಅದರ ಷರತ್ತುಗಳು ಊರ್ಜಿತವಾಗಿರುತ್ತವೆ. ಇವತ್ತೇ ಸಹಿ ಹಾಕಿ ಎಂಬ ಒತ್ತಾಯಕ್ಕೆ ಬಗ್ಗಬೇಕಾಗಿಲ್ಲ.

ಇನ್ನೊಂದು ಕಿರಿಕಿರಿ ಬೋನಸ್ ಬಂದಾಗ ಶುರುವಾಗುತ್ತದೆ. ವ್ಯಕ್ತಿಗಳ ಫ್ಲೋಟಿಂಗ್ ಗೃಹಸಾಲವನ್ನು ಮುಂಚಿತವಾಗಿ ತೀರಿಸಿದರೆ ಬ್ಯಾಂಕುಗಳು ಶುಲ್ಕ ಹಾಕುವಂತಿಲ್ಲ ಎಂದು 2012ರಲ್ಲೇ ಆಗಿದೆ. ಬ್ಯಾಂಕಿನ ಫಿಕ್ಸೆಡ್ ಸಾಲಕ್ಕೆ ಆ ರಕ್ಷಣೆ ಇಲ್ಲ. ಶುಲ್ಕ ಶೇ 2 ಎಂದಿಟ್ಟುಕೊಂಡರೆ ₹5 ಲಕ್ಷ ಮುಂಗಡ ಕಟ್ಟಲು ₹10,000, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು ₹11,800. ಬೇಸರವೆನಿಸಿದರೂ ಸಾಲದ ಆರಂಭದ ವರ್ಷಗಳಲ್ಲಿ ಹಿಂಜರಿಯಬೇಡಿ: ಶೇ 9.5ರಲ್ಲಿ ಆ ಐದು ಲಕ್ಷದ ತಿಂಗಳ ಬಡ್ಡಿ ₹3,958. ಮೂರು ತಿಂಗಳಿಗೆ ಶುಲ್ಕ ವಾಪಸ್ ಬಂದಂತೆ. ಕಟ್ಟಿದ ಮೇಲೆ ಕಂತು ಹಾಗೇ ಇರಲಿ, ಅವಧಿ ಕಡಿಮೆ ಮಾಡಿ ಎಂದು ಬರೆದುಕೊಟ್ಟು ಹೊಸ ಮರುಪಾವತಿ ಪಟ್ಟಿ ಪಡೆಯಿರಿ. ಹಳೆಯ ಪಟ್ಟಿಯ ಎದುರು ಟಿಕ್ ಹಾಕುತ್ತ ಕೂತರೆ ತಪ್ಪು ಗೊತ್ತೇ ಆಗುವುದಿಲ್ಲ.

ದರ ಇಳಿಯುವ ಕಾಲದಲ್ಲಿ ಈ ಸಾಲ ಇನ್ನಷ್ಟು ಕಹಿಯಾಗುತ್ತದೆ. 2025ರಲ್ಲಿ ರೆಪೊ ಶೇ 6.5ರಿಂದ ವರ್ಷಾಂತ್ಯಕ್ಕೆ ಶೇ 5.25ಕ್ಕೆ ಇಳಿಯಿತು. ರೆಪೊಗೆ ಜೋಡಿಸಿದ ಸಾಲಗಳ ಬಡ್ಡಿ ತಾನಾಗಿ ಇಳಿದರೆ ಫಿಕ್ಸೆಡ್‌ನವರ ಕಂತು ಅಲ್ಲಾಡಲಿಲ್ಲ. ಹಾಗೆಂದು ದರ ಏರುವ ಸೂಚನೆ ಕಂಡಾಗ ಫಿಕ್ಸೆಡ್‌ಗೆ ಹಾರಿದರಾಯಿತು ಎಂದೂ ನೆಚ್ಚಿಕೊಳ್ಳಬೇಡಿ. 2023ರ ಸುತ್ತೋಲೆ ಆ ಆಯ್ಕೆಯನ್ನು ಕೊಡಬೇಕೆಂದಿತ್ತು. 2025ರ ಅಕ್ಟೋಬರ್‌ನಿಂದ ಅದು ಸಾಲ ಕೊಟ್ಟವರ ಇಚ್ಛೆಗೆ ಬಿಟ್ಟದ್ದು.

ಇಷ್ಟಾದರೂ ಫಿಕ್ಸೆಡ್ ಬೇಡವೇ ಬೇಡ ಎನ್ನಲು ಮನಸ್ಸಾಗುವುದಿಲ್ಲ. ಒಬ್ಬರ ಸಂಬಳದಲ್ಲಿ ನಡೆಯುವ ಮನೆ, ಕೈಗೆ ಬರುವ ಸಂಬಳದ ಶೇ 40ರಷ್ಟು ಕಂತಿಗೇ ಹೋಗುವ ಪರಿಸ್ಥಿತಿ, ಆರು ತಿಂಗಳ ಖರ್ಚಿನ ಗಂಟು ಇಲ್ಲದಿರುವುದು: ಈ ಮೂರೂ ಕೂಡಿದ್ದರೆ, ಪೂರ್ಣಾವಧಿಗೆ ಷರತ್ತಿಲ್ಲದ ಫಿಕ್ಸೆಡ್ ಸಿಕ್ಕಿ ಫ್ಲೋಟಿಂಗ್‌ಗಿಂತ ಅರ್ಧ ಪರ್ಸೆಂಟ್‌ನಷ್ಟೇ ಹೆಚ್ಚಿದ್ದರೆ, ತೆಗೆದುಕೊಳ್ಳಿ. ತಿಂಗಳ ಕೊನೆಯ ವಾರ ನಿಶ್ಚಿಂತೆಯಿಂದ ಕಳೆಯಲು ಅಷ್ಟು ಕೊಡಬಹುದು.

ವ್ಯತ್ಯಾಸ ಪೂರ್ತಿ ಒಂದು ಪರ್ಸೆಂಟ್ ಇದ್ದು, ಫಿಕ್ಸೆಡ್ ಅವಧಿ ಐದೇ ವರ್ಷವಾದರೆ ನಾನು ಬೇಡ ಎನ್ನುತ್ತೇನೆ. ಅದೇ ₹40 ಲಕ್ಷಕ್ಕೆ ಫಿಕ್ಸೆಡ್ ಶೇ 9.5ರ ಕಂತು ₹37,285, ಫ್ಲೋಟಿಂಗ್ ಶೇ 8.5ರ ಕಂತು ₹34,713. ತಿಂಗಳಿಗೆ ₹2,572 ಹೆಚ್ಚು ಎಂದರೆ ಐದು ವರ್ಷಕ್ಕೆ ₹1.54 ಲಕ್ಷ. ಅದರ ಬದಲು ಶೇ 8.5ರ ಫ್ಲೋಟಿಂಗ್ ತೆಗೆದುಕೊಂಡು ಮೊದಲ ದಿನದಿಂದಲೇ ₹37,285 ಕಟ್ಟಿ. ದರ ಬದಲಾಗದಿದ್ದರೆ ಸಾಲ 203ನೇ ಕಂತಿಗೆ ಮುಗಿಯುತ್ತದೆ, ಅಂದರೆ ಮೂರು ವರ್ಷ ಮುಂಚೆ. ದರ ಶೇ 9.5ರವರೆಗೆ ಏರಿದರೂ ನಿಮ್ಮ ಕಂತು ಅಷ್ಟೇ ಇರುತ್ತದೆ, ಅವಧಿ ಇಪ್ಪತ್ತು ವರ್ಷ ದಾಟುವುದಿಲ್ಲ. ಇದಕ್ಕಾಗಿ ಕಂತನ್ನೇ ಹೆಚ್ಚಿಸಿ ಆಟೊ ಡೆಬಿಟ್‌ಗೆ ಹೊಸ ಆದೇಶ ಬರೆದುಕೊಡಬೇಕು. ಹೆಚ್ಚಿನ ಹಣವನ್ನು ಸುಮ್ಮನೆ ಸಾಲದ ಖಾತೆಗೆ ಹಾಕಿದರೆ ಕೆಲವು ಕಡೆ ಅದನ್ನು ಮುಂದಿನ ಕಂತಿನ ಮುಂಗಡವೆಂದು ಇಟ್ಟುಕೊಳ್ಳುತ್ತಾರೆ, ಅಸಲು ಇಳಿಯುವುದಿಲ್ಲ. ಮೂರು ತಿಂಗಳಿಗೊಮ್ಮೆ ಕೊಡಬೇಕಾದ ಸ್ಟೇಟ್‌ಮೆಂಟುಗಳಲ್ಲಿ ಮೊದಲನೆಯದು ಬಂದಾಗ ಉಳಿದ ಕಂತುಗಳ ಸಂಖ್ಯೆ 240ರಿಂದ ಮೂರಕ್ಕಿಂತ ಹೆಚ್ಚು ಇಳಿದಿದೆಯೇ ನೋಡಿ. ಬರೀ ಮೂರೇ ಇಳಿದಿದ್ದರೆ ಹೆಚ್ಚುವರಿ ಹಣ ಎಲ್ಲಿ ಜಮೆಯಾಗಿದೆ ಎಂದು ಶಾಖೆಗೆ ಲಿಖಿತವಾಗಿ ಕೇಳಿ.